ಅಮೆರಿಕನ್ ಫುಟ್‌ಬಾಲಿನಲ್ಲಿ ತರಬೇತುದಾರನ ಹೊಣೆ: ಒಂದು ಐತಿಹಾಸಿಕ ವಿವೇಚನೆ

೧

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಿಂದ ಪ್ರಚಲಿತವಾಗಿರುವ ಆಟವು ನಮ್ಮ ನಾಡಿನ ಕಾಲ್ಚೆಂಡಾಟಕ್ಕಿಂತ ತೀರ ಭಿನ್ನವಾದುದು. ಆ ಆಟದಲ್ಲಿ ಸೋತ ತಂಡದ ತರಬೇತುದಾರನು ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ನಿಂತು ಹೇಳುವ ಮಾತೊಂದು ಬಹುಕಾಲದಿಂದ ರೂಢಿಯಾಗಿ ಬಂದಿದೆ: ಯೋಜನೆ ಸರಿಯಾಗಿಯೇ ಇತ್ತು, ಆಟಗಾರರು ಅದನ್ನು ಸರಿಯಾಗಿ ನೆರವೇರಿಸಲಿಲ್ಲ. ಹೀಗೆ ನೆರವೇರಿಸುವ ಕೆಲಸಕ್ಕೆ ಅಲ್ಲಿ 'ಎಕ್ಸಿಕ್ಯೂಷನ್' ಎಂಬ ಪದವನ್ನು ಬಳಸುತ್ತಾರೆ. ನಾವು ಇದನ್ನು 'ನಿರ್ವಹಣೆ' ಎಂದು ಕರೆಯೋಣ.

ನಿರ್ವಹಣೆ ಕೆಟ್ಟಾಗ ಹೊಣೆ ಯಾರದು? ಕೈತಪ್ಪಿದವನದೋ, ಆ ಕೈಯನ್ನು ಪಳಗಿಸಿ ಅದಕ್ಕೆ ಕೆಲಸವನ್ನು ಗೊತ್ತುಮಾಡಿದವನದೋ? ಈ ಪ್ರಶ್ನೆಯನ್ನು ಆಟದ ಅಭಿಮಾನಿಗಳು ಪ್ರತಿವಾರವೂ ಚರ್ಚಿಸುತ್ತಾರೆ. ಆದರೆ ಅದಕ್ಕೆ ಒಂದು ಇತಿಹಾಸವಿದೆಯೆಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಒಂದು ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಏಕೆಂದರೆ ಆಟ ನಡೆಯುತ್ತಿರುವಾಗ ತರಬೇತುದಾರನು ಆಟಗಾರನೊಡನೆ ಮಾತನಾಡುವುದೇ ನಿಯಮಬಾಹಿರವಾಗಿತ್ತು. ನಿಯಮಗಳು ಬದಲಾದಂತೆಲ್ಲ ಅಧಿಕಾರವು ಆಟಗಾರನ ಕೈಯಿಂದ ತರಬೇತುದಾರನ ಕೈಗೆ ಸರಿಯಿತು. ಅಧಿಕಾರ ಸರಿದಷ್ಟು ಸುಲಭವಾಗಿ ಹೊಣೆ ಸರಿಯಲಿಲ್ಲ. ಈ ಎರಡರ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಮಾತುಗಳು ಅವಶ್ಯಕ. ಹನ್ನೊಂದು ಹನ್ನೊಂದು ಮಂದಿಯ ಎರಡು ತಂಡಗಳು ನೂರು ಗಜ ಉದ್ದದ ಅಂಗಣದಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಚೆಂಡನ್ನು ಹೊಂದಿದ ತಂಡಕ್ಕೆ ನಾಲ್ಕು ಅವಕಾಶಗಳುಂಟು. ಅವುಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶಗಳು ದೊರೆಯುತ್ತವೆ. ಪ್ರತಿಯೊಂದು ಅವಕಾಶವೂ ಕೆಲವೇ ಕ್ಷಣಗಳದು. ಅದು ಮುಗಿದೊಡನೆ ಆಟ ನಿಲ್ಲುತ್ತದೆ. ಆ ವಿರಾಮದಲ್ಲಿ ಮುಂದಿನ ಅವಕಾಶಕ್ಕೆ ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು, ಚೆಂಡು ಯಾರ ಕೈಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಲಾಗುತ್ತದೆ. ಹೀಗೆ ಗೊತ್ತುಮಾಡಿದ ಕ್ರಮವನ್ನು ನಾವು 'ವ್ಯೂಹ' ಎನ್ನಬಹುದು. ವ್ಯೂಹವನ್ನು ಅಂಗಣದಲ್ಲಿ ನಡೆಸುವ ಆಟಗಾರನು ಕ್ವಾರ್ಟರ್‌ಬ್ಯಾಕ್.

ಕ್ರಿಕೆಟ್ಟಿನಲ್ಲಿ ಚೆಂಡನ್ನು ಯಾರಿಗೆ ಕೊಡಬೇಕು, ಕ್ಷೇತ್ರರಕ್ಷಕರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾಯಕನು ಅಂಗಣದಲ್ಲಿ ನಿಂತೇ ನಿರ್ಧರಿಸುವುದನ್ನು ನಮ್ಮ ವಾಚಕರು ಬಲ್ಲರು. ಅಮೆರಿಕನ್ ಫುಟ್‌ಬಾಲ್ ಕೂಡ ಹಿಂದೆ ಹಾಗೆಯೇ ಇದ್ದಿತು. ಆದರೆ ಪ್ರತಿ ಅವಕಾಶಕ್ಕೂ ನಡುವೆ ಬರುವ ವಿರಾಮವು ಹೊರಗಿನವನೊಬ್ಬನು ಆಟದೊಳಕ್ಕೆ ಕೈಚಾಚಲು ಅನುಕೂಲವನ್ನು ಒದಗಿಸಿತು.

೨

ಈ ವಿರಾಮದ ಮೂಲವು ೧೮೮೦ರ ನಿಯಮದಲ್ಲಿದೆ. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬಾತನು ಆ ವರ್ಷ ಚೆಂಡಿನ ಮೇಲೆ ಒಂದೇ ತಂಡಕ್ಕೆ ನಿರ್ವಿವಾದವಾದ ಹಕ್ಕನ್ನು ಕೊಟ್ಟು ಆಟವನ್ನು ಪ್ರಾರಂಭಿಸುವ ಪದ್ಧತಿಯನ್ನು ಸೂಚಿಸಿ ಅಂಗೀಕಾರ ಪಡೆದನು. ೧೮೮೨ರಲ್ಲಿ ನಿಯತ ಸಂಖ್ಯೆಯ ಅವಕಾಶಗಳ ನಿಯಮ ಬಂದಿತು. ಇಂಗ್ಲೆಂಡಿನ ರಗ್ಬಿಯಿಂದ ಅಮೆರಿಕದ ಆಟವು ಬೇರ್ಪಟ್ಟುದು ಇಲ್ಲಿಂದಲೇ ಎನ್ನಬಹುದು. ನಿಂತು ನಿಂತು ಸಾಗುವ ಆಟವನ್ನು ಮೊದಲೇ ಯೋಚಿಸಿಡಬಹುದು, ಯೋಚಿಸಿದುದನ್ನು ಕಲಿಸಬಹುದು. ತರಬೇತುದಾರನ ವೃತ್ತಿಗೆ ಬೀಜ ಬಿದ್ದುದು ಹೀಗೆ.

ಆದರೂ ಆ ಕಾಲದಲ್ಲಿ ತಂಡದ ಒಡೆತನ ವಿದ್ಯಾರ್ಥಿ ನಾಯಕನದೇ ಆಗಿತ್ತು. ಕ್ಯಾಂಪನೇ ಗಡಿಯಾರದ ಕಾರ್ಖಾನೆಯೊಂದರಲ್ಲಿ ಉದ್ಯೋಗಿಯಾಗಿದ್ದುಕೊಂಡು ಯೇಲ್ ತಂಡದ ನಾಯಕರಿಗೆ ಸಲಹೆಗಾರನಾಗಿದ್ದನು. ಪಂದ್ಯದ ವೇಳೆಯಲ್ಲಿ ಅಂಗಣದ ಅಂಚಿನಿಂದ ಸೂಚನೆ ಕೊಡುವುದು ಸಜ್ಜನೋಚಿತವಲ್ಲವೆಂಬ ಭಾವನೆ ಬಲವಾಗಿದ್ದು, ಅದು ನಿಯಮದ ರೂಪವನ್ನೂ ತಳೆಯಿತು. ಬದಲಿ ಆಟಗಾರರ ವಿಷಯದಲ್ಲಿಯೂ ಕಟ್ಟುನಿಟ್ಟಿತ್ತು. ಹೊರಬಂದವನು ಕೂಡಲೇ ಮರಳಿ ಹೋಗುವಂತಿರಲಿಲ್ಲ. ಬದಲಿಯಾಗಿ ಒಳಗೆ ಹೋದವನು ಒಂದು ಅವಕಾಶ ಮುಗಿಯುವವರೆಗೆ ಸಂಗಡಿಗರೊಡನೆ ಮಾತನಾಡಕೂಡದೆಂಬ ವಿಧಿಯೂ ಕೆಲಕಾಲ ಜಾರಿಯಲ್ಲಿತ್ತು. ಅವನ ಬಾಯಲ್ಲಿ ತರಬೇತುದಾರನ ಸಂದೇಶ ಹೋಗಬಾರದೆಂಬುದೇ ಇದರ ಉದ್ದೇಶ.

ಇದೇ ಅವಧಿಯಲ್ಲಿ ತರಬೇತುದಾರನ ಸ್ಥಾನಮಾನಗಳು ಮಾತ್ರ ಏರುತ್ತಲೇ ಇದ್ದುವು. ೧೯೦೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಬಿಲ್ ರೀಡ್ ಎಂಬ ತರುಣನನ್ನು ಸುಮಾರು ೭,೦೦೦ ಡಾಲರುಗಳ ಸಂಬಳಕ್ಕೆ ನೇಮಿಸಿಕೊಂಡಿತು. ಅದು ಅಲ್ಲಿನ ಪ್ರಾಧ್ಯಾಪಕರ ವೇತನವನ್ನು ಮೀರಿದ ಮೊತ್ತ. ಆಟ ನಡೆಯುವಾಗ ಬಾಯಿಬಿಡುವ ಅಧಿಕಾರವಿಲ್ಲದವನಿಗೆ ಗೆಲುವಿನ ನಿರೀಕ್ಷೆಯಿಂದ ಇಷ್ಟು ಹಣ ಕೊಟ್ಟುದು ಗಮನಾರ್ಹ. ಹೊಣೆಯ ಪ್ರಶ್ನೆಯಲ್ಲಿ ಮುಂದೆ ಕಾಣಬರುವ ವಿರೋಧಾಭಾಸವು ಇಲ್ಲಿಯೇ ಅಡಗಿದೆ.

ಆ ಕಾಲದ ಮನೋಭಾವಕ್ಕೆ ೧೯೨೯ರ ಜನವರಿ ೧ರ ರೋಸ್ ಬೌಲ್ ಪಂದ್ಯವು ಒಳ್ಳೆಯ ನಿದರ್ಶನ. ಕ್ಯಾಲಿಫೋರ್ನಿಯಾ ಮತ್ತು ಜಾರ್ಜಿಯಾ ಟೆಕ್ ತಂಡಗಳ ನಡುವಣ ಆ ಪಂದ್ಯದಲ್ಲಿ ಎದುರಾಳಿಯ ಕೈಜಾರಿದ ಚೆಂಡು ಕ್ಯಾಲಿಫೋರ್ನಿಯಾದ ರಾಯ್ ರೀಗಲ್ಸ್ ಎಂಬ ಆಟಗಾರನಿಗೆ ಸಿಕ್ಕಿತು. ನೂಕುನುಗ್ಗಲಲ್ಲಿ ದಿಕ್ಕುತಪ್ಪಿದ ಆತನು ಅರುವತ್ತಕ್ಕೂ ಹೆಚ್ಚು ಗಜ ದೂರ ತನ್ನ ಗೋಲಿನ ಕಡೆಗೇ ಓಡಿದನು. ಸಂಗಡಿಗನಾದ ಬೆನ್ನಿ ಲಾಮ್ ಬೆನ್ನಟ್ಟಿ ಹಿಡಿದು ನಿಲ್ಲಿಸುವಷ್ಟರಲ್ಲಿ ಗೋಲ್ ರೇಖೆ ಸಮೀಪಿಸಿತ್ತು. ಅದರ ಬೆನ್ನಿಗೇ ಕ್ಯಾಲಿಫೋರ್ನಿಯಾ ಎರಡು ಅಂಕಗಳನ್ನು ಕಳೆದುಕೊಂಡು, ಕೊನೆಗೆ ೮–೭ರಿಂದ ಪಂದ್ಯವನ್ನೇ ಸೋತಿತು. ತರಬೇತುದಾರ ನಿಬ್ಸ್ ಪ್ರೈಸನ ಮೇಲೆ ಯಾರೂ ದೋಷವನ್ನು ಹೊರಿಸಲಿಲ್ಲ. ಅದಕ್ಕೆ ಅವಕಾಶವೂ ಇರಲಿಲ್ಲ. ಆದರೆ ಆತನು ಮಾಡಿದ ಒಂದು ಕಾರ್ಯ ನೆನಪಿನಲ್ಲಿ ಉಳಿಯಿತು. ಲಜ್ಜೆಯಿಂದ ಕುಗ್ಗಿ ಕುಳಿತಿದ್ದ ರೀಗಲ್ಸನನ್ನು ಆತನು ಪಂದ್ಯದ ಉತ್ತರಾರ್ಧದಲ್ಲಿ ಮತ್ತೆ ಅಂಗಣಕ್ಕಿಳಿಸಿದನು. ಆ ಆಟಗಾರನೇ ಆ ವರ್ಷದ ಮುಂದಿನ ಋತುವಿನಲ್ಲಿ ತಂಡದ ನಾಯಕನಾದನು. ತಪ್ಪು ಆಟಗಾರನದು, ತಪ್ಪಿದವನನ್ನು ಮರಳಿ ನಿಲ್ಲಿಸುವುದು ತರಬೇತುದಾರನ ಕರ್ತವ್ಯ. ಅಂದಿನ ಹೊಣೆಯ ಹಂಚಿಕೆ ಇಷ್ಟು ಸರಳವಾಗಿತ್ತು.

ಅದೇ ೧೯೨೯ರ ಅಕ್ಟೋಬರಿನಲ್ಲಿ ಕಾರ್ನೆಗೀ ಪ್ರತಿಷ್ಠಾನವು ಕಾಲೇಜುಗಳ ಕ್ರೀಡೆಯನ್ನು ಕುರಿತು ಪ್ರಕಟಿಸಿದ ವರದಿಯು ಬೇರೊಂದು ಚಿತ್ರವನ್ನು ಮುಂದಿಟ್ಟಿತು. ಆಟವು ವ್ಯಾಪಾರವಾಗುತ್ತಿದೆ, ವೃತ್ತಿನಿರತ ತರಬೇತುದಾರರ ಹಿಡಿತ ಬಿಗಿಯಾಗುತ್ತಿದೆ, ಆಲೋಚಿಸುವ ಅವಕಾಶವನ್ನು ವಿದ್ಯಾರ್ಥಿಗಳಿಗೆ ಮರಳಿಸಬೇಕು ಎಂಬುದು ಅದರ ಅಭಿಪ್ರಾಯದ ಸಾರ. ಈ ಎಚ್ಚರಿಕೆಯ ಮಾತು ನಡೆಯಲಿಲ್ಲ. ಇತಿಹಾಸವು ವಿರುದ್ಧ ದಿಕ್ಕಿಗೆ ಸಾಗಿತು.

೩

ಬದಲಾವಣೆಗೆ ಯುದ್ಧವು ನಿಮಿತ್ತವಾಯಿತು. ಕಾಲೇಜು ಆಟದಲ್ಲಿ ೧೯೪೧ರಲ್ಲಿಯೇ ಬದಲಿ ಆಟಗಾರರ ನಿಯಮ ಸಡಿಲಗೊಂಡಿತ್ತು. ತರುಣರು ಸೈನ್ಯಕ್ಕೆ ಸೇರಿ ತಂಡಗಳು ಬರಿದಾದಾಗ, ವೃತ್ತಿನಿರತ ತಂಡಗಳ ಒಕ್ಕೂಟವಾದ ನ್ಯಾಷನಲ್ ಫುಟ್‌ಬಾಲ್ ಲೀಗ್ ಕೂಡ ೧೯೪೩ರಲ್ಲಿ ಬದಲಿ ಆಟಗಾರರನ್ನು ಮುಕ್ತವಾಗಿ ಕಳುಹಿಸಲು ಸಮ್ಮತಿಸಿತು. ಆ ಲೀಗಿನಲ್ಲಿ ೧೯೪೪ರ ಏಪ್ರಿಲಿನಲ್ಲಿ ಅಂಗಣದ ಅಂಚಿನಿಂದ ಸೂಚನೆ ಕೊಡುವುದು ಶಾಸನಬದ್ಧವಾಯಿತು. ಯುದ್ಧಾನಂತರ ಸ್ವಲ್ಪಕಾಲ ಹಿಂದೆಗೆದು, ೧೯೫೦ರಲ್ಲಿ ಮುಕ್ತ ಬದಲಾವಣೆಯ ನಿಯಮವನ್ನು ಶಾಶ್ವತಗೊಳಿಸಲಾಯಿತು. ಕಾಲೇಜುಗಳು ೧೯೫೩ರಲ್ಲಿ ಹಳೆಯ ಕಟ್ಟುನಿಟ್ಟಿಗೆ ಮರಳಿದುವಾದರೂ ೧೯೬೦ರ ದಶಕದ ನಡುವಿನ ವೇಳೆಗೆ ಅವೂ ಅದನ್ನು ಕೈಬಿಟ್ಟುವು.

ಈ ನಿಯಮಗಳ ಪರಿಣಾಮ ದೂರಗಾಮಿಯಾಗಿತ್ತು. ಮೊದಲು ಒಬ್ಬನೇ ಆಟಗಾರ ಆಕ್ರಮಣ, ರಕ್ಷಣೆ ಎರಡನ್ನೂ ಅರುವತ್ತು ನಿಮಿಷ ನಿರ್ವಹಿಸಬೇಕಾಗಿತ್ತು. ಅವನಿಗೆ ಆಟದ ಸಮಗ್ರ ಜ್ಞಾನ ಅನಿವಾರ್ಯ. ಈಗ ಆಕ್ರಮಣಕ್ಕೊಂದು ಪಡೆ, ರಕ್ಷಣೆಗೊಂದು ಪಡೆ, ಚೆಂಡನ್ನು ಒದೆಯಲು ಮತ್ತೊಬ್ಬ ಎಂಬಂತೆ ಕೆಲಸ ಹರಿದುಹಂಚಿಹೋಯಿತು. ಆಟಗಾರನು ತನ್ನ ಒಂದು ಕೆಲಸದಲ್ಲಿ ಹೆಚ್ಚು ನಿಪುಣನಾದನು. ಆದರೆ ಆಟದ ಪೂರ್ಣಚಿತ್ರವು ಅಂಚಿನಲ್ಲಿ ನಿಂತವನ ತಲೆಯಲ್ಲಿ ಮಾತ್ರ ಉಳಿಯಿತು.

ಈ ಸಂದರ್ಭವನ್ನು ಪೂರ್ಣವಾಗಿ ಬಳಸಿಕೊಂಡವನು ಪಾಲ್ ಬ್ರೌನ್. ೧೯೪೬ರಲ್ಲಿ ಕ್ಲೀವ್‌ಲೆಂಡಿನಲ್ಲಿ ಹೊಸ ತಂಡವೊಂದನ್ನು ಕಟ್ಟಿದ ಈತನು ತರಬೇತಿಯನ್ನು ಪಾಠಶಾಲೆಯ ಶಿಸ್ತಿಗೆ ಒಳಪಡಿಸಿದನು. ಆಟಗಾರರು ತರಗತಿಯಲ್ಲಿ ಕುಳಿತು ವ್ಯೂಹಗಳನ್ನು ಬರೆದುಕೊಳ್ಳಬೇಕಾಗಿತ್ತು, ಅವರಿಗೆ ಪರೀಕ್ಷೆಗಳಿದ್ದುವು, ಪಂದ್ಯದ ಚಲನಚಿತ್ರವನ್ನು ನೋಡಿ ಪ್ರತಿಯೊಬ್ಬನ ಪ್ರತಿಯೊಂದು ಚಲನೆಗೂ ಅಂಕ ಹಾಕಲಾಗುತ್ತಿತ್ತು. ಅಷ್ಟೇ ಅಲ್ಲದೆ, ಇಬ್ಬರು ಆಟಗಾರರನ್ನು ಸರದಿಯ ಮೇಲೆ ಒಳಗೆ ಕಳುಹಿಸಿ ಪ್ರತಿ ಅವಕಾಶದ ವ್ಯೂಹವನ್ನೂ ತಾನೇ ತಿಳಿಸುತ್ತಿದ್ದನು. ಕ್ವಾರ್ಟರ್‌ಬ್ಯಾಕ್ ಆಗಿದ್ದ ಆಟೋ ಗ್ರಹಾಮ್ ಆ ಕಾಲದ ಅತ್ಯುತ್ತಮರಲ್ಲೊಬ್ಬನಾದರೂ ವ್ಯೂಹವನ್ನು ಆರಿಸುವ ಸ್ವಾತಂತ್ರ್ಯ ಆತನಿಗೆ ಇರಲಿಲ್ಲ. ೧೯೫೬ರಲ್ಲಿ ಬ್ರೌನನು ಜಾರ್ಜ್ ರಾಟರ್‌ಮನ್ ಎಂಬ ಕ್ವಾರ್ಟರ್‌ಬ್ಯಾಕನ ಶಿರಸ್ತ್ರಾಣದೊಳಗೆ ರೇಡಿಯೋ ಗ್ರಾಹಕವನ್ನೇ ಇರಿಸಿದನು. ಲೀಗಿನ ಆಯುಕ್ತ ಬರ್ಟ್ ಬೆಲ್ ಅದನ್ನು ಬೇಗನೆ ನಿಷೇಧಿಸಿದನು. ಆದರೆ ೧೯೯೪ರಲ್ಲಿ ಅದೇ ಲೀಗು ಅದೇ ಸಾಧನವನ್ನು ಎಲ್ಲ ತಂಡಗಳಿಗೂ ವಿಧಿಬದ್ಧವಾಗಿ ತೆರೆದುಕೊಟ್ಟಿತು; ೨೦೦೮ರಿಂದ ರಕ್ಷಣಾಪಡೆಯ ಒಬ್ಬ ಆಟಗಾರನಿಗೂ, ೨೦೨೪ರಿಂದ ಉನ್ನತ ಶ್ರೇಣಿಯ ಕಾಲೇಜು ತಂಡಗಳಿಗೂ ಅದು ಲಭಿಸಿದೆ. ಒಮ್ಮೆ ಬಾಯಿಬಿಡಲು ಅನುಮತಿಯಿಲ್ಲದಿದ್ದ ತರಬೇತುದಾರನು ಈಗ ಆಟಗಾರನ ಕಿವಿಯೊಳಗೆ ಕುಳಿತಿದ್ದಾನೆ.

ಬ್ರೌನನ ಪದ್ಧತಿಯಿಂದ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಎರಡು ಫಲಿತಾಂಶಗಳು ಹೊರಟುವು. ಮೊದಲನೆಯದಾಗಿ, ಚಲನಚಿತ್ರ ಮತ್ತು ಅಂಕಪಟ್ಟಿಗಳಿಂದ ಯಾವ ಅವಕಾಶದಲ್ಲಿ ಯಾರು ತಪ್ಪಿದರೆಂಬುದನ್ನು ನಿಖರವಾಗಿ ತೋರಿಸುವುದು ಸಾಧ್ಯವಾಯಿತು. 'ನಿರ್ವಹಣೆ ಕೆಟ್ಟಿತು' ಎಂಬ ಮಾತಿಗೆ ಶಾಸ್ತ್ರೀಯ ಆಧಾರ ದೊರೆತುದು ಇದರಿಂದ. ಎರಡನೆಯದಾಗಿ, ವ್ಯೂಹದ ಆಯ್ಕೆ ಸಂಪೂರ್ಣವಾಗಿ ತರಬೇತುದಾರನದಾದ್ದರಿಂದ, ಆಯ್ಕೆಯೇ ತಪ್ಪಾಗಿದ್ದರೆ ಅದನ್ನು ಆಟಗಾರನ ತಲೆಗೆ ಕಟ್ಟುವ ದಾರಿ ನ್ಯಾಯವಾಗಿ ಮುಚ್ಚಿಹೋಯಿತು. ಮೊದಲನೆಯದನ್ನು ತರಬೇತುದಾರರು ಕೂಡಲೇ ಗ್ರಹಿಸಿದರು. ಎರಡನೆಯದನ್ನು ಗ್ರಹಿಸಲು ಹೆಚ್ಚು ಕಾಲ ಹಿಡಿಯಿತು.

೪

ನಿರ್ವಹಣೆಯಲ್ಲಿ ತರಬೇತುದಾರನ ಪಾಲು ನಿಜವಾಗಿ ಎಷ್ಟು? ಇದನ್ನು ಅಳೆಯಲು ಇತಿಹಾಸವು ಎರಡು ಪ್ರಯೋಗಗಳನ್ನು ಒದಗಿಸಿದೆಯೆನ್ನಬಹುದು. ಒಂದರಲ್ಲಿ ಆಟಗಾರರು ಬಹುಮಟ್ಟಿಗೆ ಅವರೇ, ತರಬೇತುದಾರ ಬದಲಾದನು. ಇನ್ನೊಂದರಲ್ಲಿ ತರಬೇತುದಾರ ಅವನೇ, ಆಟಗಾರರು ಬದಲಾದರು.

ಮೊದಲನೆಯದು ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಪಟ್ಟಣದ ಕಥೆ. ಅಲ್ಲಿನ ಪ್ಯಾಕರ್ಸ್ ತಂಡವು ೧೯೫೮ರಲ್ಲಿ ಹನ್ನೆರಡು ಪಂದ್ಯಗಳನ್ನಾಡಿ ಒಂದನ್ನು ಗೆದ್ದು, ಒಂದನ್ನು ಸಮಮಾಡಿಕೊಂಡು, ಹತ್ತನ್ನು ಸೋತಿತು. ೧೯೫೯ರಲ್ಲಿ ವಿನ್ಸ್ ಲೊಂಬಾರ್ಡಿ ಬಂದನು. ಆ ವರ್ಷವೇ ತಂಡವು ಏಳು ಪಂದ್ಯಗಳನ್ನು ಗೆದ್ದಿತು. ೧೯೬೧ರಿಂದ ೧೯೬೭ರವರೆಗಿನ ಏಳು ಋತುಗಳಲ್ಲಿ ಐದು ಸಲ ಲೀಗಿನ ಪ್ರಶಸ್ತಿಯನ್ನು ಪಡೆಯಿತು. ಬಾರ್ಟ್ ಸ್ಟಾರ್, ಪಾಲ್ ಹಾರ್ನಂಗ್, ಜಿಮ್ ಟೇಲರ್, ಫಾರೆಸ್ಟ್ ಗ್ರೆಗ್, ಜೆರಿ ಕ್ರೇಮರ್, ರೇ ನಿಟ್ಷ್ಕಿ ಮೊದಲಾಗಿ ಆ ವಿಜಯಗಳ ಬೆನ್ನೆಲುಬಾದವರೆಲ್ಲ ೧೯೫೮ರ ಸೋತ ತಂಡದಲ್ಲಿಯೂ ಇದ್ದವರೇ. ಲೊಂಬಾರ್ಡಿ ಹೊರಗಿನಿಂದ ಹಲವರನ್ನು ತಂದುದೂ ಉಂಟು. ಆದ್ದರಿಂದ ಪ್ರಯೋಗವು ಪೂರ್ಣ ಶುದ್ಧವೆಂದು ನಾವು ಹೇಳಲಾರೆವು. ಆದರೂ ಮುಖ್ಯಾಂಶ ಅಲ್ಲಗಳೆಯಲಾಗದುದು.

ಲೊಂಬಾರ್ಡಿ ತನ್ನ ವೃತ್ತಿಯನ್ನು ಪ್ರಾರಂಭಿಸಿದುದು ನ್ಯೂಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ. ಅಲ್ಲಿ ಆತನು ಭೌತಶಾಸ್ತ್ರ, ರಸಾಯನಶಾಸ್ತ್ರ, ಲ್ಯಾಟಿನ್ ಭಾಷೆಗಳನ್ನು ಬೋಧಿಸುತ್ತಿದ್ದನು. ಗ್ರೀನ್ ಬೇಯಲ್ಲಿಯೂ ಆತನ ರೀತಿ ಉಪಾಧ್ಯಾಯನದೇ. ನೂರಾರು ವ್ಯೂಹಗಳನ್ನು ಹೊಸೆಯದೆ ಕೆಲವನ್ನೇ ಆರಿಸಿಕೊಂಡು, ಅವುಗಳಲ್ಲಿಯೂ ಚೆಂಡನ್ನು ಹಿಡಿದು ಪಕ್ಕಕ್ಕೆ ಸುತ್ತಿ ಓಡುವ ಒಂದು ವ್ಯೂಹವನ್ನು ಎಡೆಬಿಡದೆ ಅಭ್ಯಾಸ ಮಾಡಿಸಿದನು. ಎದುರಾಳಿ ಹೀಗೆ ನಿಂತರೆ ತಡೆಯುವವನು ಹೀಗೆ ತಿರುಗಬೇಕು, ಹಾಗೆ ನಿಂತರೆ ಹಾಗೆ ತಿರುಗಬೇಕು ಎಂಬ ಪ್ರತಿಯೊಂದು ಸಂಭವಕ್ಕೂ ಉತ್ತರವನ್ನು ಕಲಿಸಿದನು. ಆ ವ್ಯೂಹ ಬರುವುದೆಂದು ಎದುರಾಳಿಗಳಿಗೆ ಗೊತ್ತಿದ್ದರೂ ತಡೆಯುವುದು ಕಷ್ಟವಾಗಿತ್ತು. ಆಟಗಾರನಿಗೆ 'ಸರಿಯಾಗಿ ಮಾಡು' ಎಂದು ಆಜ್ಞಾಪಿಸುವುದು ಬೇರೆ. ಸರಿಯೆಂದರೇನೆಂಬುದನ್ನು ಅವನ ಸ್ನಾಯುಗಳಿಗೆ ತಿಳಿಯುವಂತೆ ಮಾಡುವುದು ಬೇರೆ. ನಿರ್ವಹಣೆಯ ಬಹುಭಾಗವು ಪಂದ್ಯದ ದಿನಕ್ಕೆ ಮೊದಲೇ, ಅಭ್ಯಾಸದ ಅಂಗಣದಲ್ಲಿಯೇ ನಿಶ್ಚಯವಾಗುತ್ತದೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಎರಡನೆಯ ಪ್ರಯೋಗವು ಜಾನ್ ಮೆಕೇ ಎಂಬಾತನದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ೧೯೬೨, ೧೯೬೭, ೧೯೭೨ ಮತ್ತು ೧೯೭೪ರಲ್ಲಿ ರಾಷ್ಟ್ರೀಯ ಅಗ್ರಸ್ಥಾನಕ್ಕೆ ಏರಿಸಿದ ಈತನು ೧೯೭೬ರಲ್ಲಿ ಫ್ಲಾರಿಡಾದಲ್ಲಿ ಹೊಸದಾಗಿ ಸ್ಥಾಪಿತವಾದ ಟ್ಯಾಂಪಾ ಬೇ ತಂಡದ ಹೊಣೆಯನ್ನು ಹೊತ್ತನು. ಇತರ ತಂಡಗಳು ಬಿಟ್ಟುಕೊಟ್ಟವರನ್ನೂ ಅನುಭವವಿಲ್ಲದವರನ್ನೂ ಕೂಡಿಸಿ ಕಟ್ಟಿದ ಆ ತಂಡವು ಮೊದಲ ವರ್ಷದ ಹದಿನಾಲ್ಕು ಪಂದ್ಯಗಳನ್ನೂ ಸೋತಿತು. ಎರಡನೆಯ ವರ್ಷವೂ ಸೇರಿ ಸತತವಾಗಿ ಇಪ್ಪತ್ತಾರು ಸೋಲುಗಳಾದುವು. ತಂಡದ ನಿರ್ವಹಣೆಯ ಬಗೆಗೆ ತಮ್ಮ ಅಭಿಪ್ರಾಯವೇನೆಂದು ಕೇಳಿದ ಪತ್ರಕರ್ತನಿಗೆ, ಅದು ನಡೆದರೆ ತನ್ನ ಸಮ್ಮತಿಯಿದೆ ಎಂದು ಮೆಕೇ ಉತ್ತರಿಸಿದನೆಂದು ಪ್ರಸಿದ್ಧಿಯಿದೆ. 'ಎಕ್ಸಿಕ್ಯೂಷನ್' ಎಂಬ ಇಂಗ್ಲಿಷ್ ಪದಕ್ಕೆ ಮರಣದಂಡನೆಯನ್ನು ಜಾರಿಗೊಳಿಸುವುದು ಎಂಬ ಅರ್ಥವೂ ಇದೆಯೆಂಬುದನ್ನು ನೆನೆದರೆ ಈ ಮಾತಿನ ಕಟುಹಾಸ್ಯ ತಿಳಿಯುತ್ತದೆ. ವಿನೋದವು ಅಮೆರಿಕದಲ್ಲಿ ಗಾದೆಯಂತೆ ಉಳಿದಿದೆ. ಆದರೆ ಅದರೊಳಗೊಂದು ಗಂಭೀರವಾದ ಸಂಗತಿಯಿದೆ. ನಾಲ್ಕು ಸಲ ಅಗ್ರಸ್ಥಾನ ಪಡೆದ ಜಾಣನು ಒಂದೇ ವರ್ಷದಲ್ಲಿ ದಡ್ಡನಾಗಿರಲಾರನು. ಸಾಮರ್ಥ್ಯವಿಲ್ಲದಲ್ಲಿ ಶಿಕ್ಷಣದ ಫಲ ತಡವಾಗಿ, ಮಿತವಾಗಿ ಬರುತ್ತದೆ. ೧೯೭೯ರಲ್ಲಿ ಇದೇ ಮೆಕೇಯ ಇದೇ ತಂಡವು ಲೀಗಿನ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಆ ವೇಳೆಗೆ ಅದು ಸಮರ್ಥ ಆಟಗಾರರನ್ನು ಕೂಡಿಸಿಕೊಂಡಿತ್ತು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏಕಪಕ್ಷೀಯವಾದ ಎರಡು ಸಿದ್ಧಾಂತಗಳೂ ಬಿದ್ದುಹೋಗುತ್ತವೆ. ಎಲ್ಲವೂ ತರಬೇತುದಾರನಿಂದ ಎಂಬುದೂ ಸಲ್ಲದು. ತರಬೇತುದಾರನು ನಿಮಿತ್ತಮಾತ್ರ ಎಂಬುದೂ ಸಲ್ಲದು. ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಇದಕ್ಕೆ ಒಂದೊಂದು ಕ್ಷಣದ ಎರಡು ಘಟನೆಗಳು ಸಹಾಯಕವಾಗುತ್ತವೆ.

೫

೧೯೭೮ರ ನವೆಂಬರ್ ೧೯ರಂದು ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವು ಫಿಲಡೆಲ್ಫಿಯಾ ಈಗಲ್ಸ್ ತಂಡದ ಎದುರು ೧೭–೧೨ರಿಂದ ಮುಂದಿತ್ತು. ಉಳಿದಿದ್ದ ಕಾಲ ಸುಮಾರು ಅರ್ಧ ನಿಮಿಷ. ಆಟವನ್ನು ನಿಲ್ಲಿಸಿ ಕಾಲವನ್ನು ಉಳಿಸಿಕೊಳ್ಳುವ ಹಕ್ಕು ಫಿಲಡೆಲ್ಫಿಯಾಕ್ಕೆ ಉಳಿದಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಸಿಕ್ ಚೆಂಡನ್ನು ಹಿಡಿದು ನೆಲಕ್ಕೆ ಒರಗಿದ್ದರೆ ಪಂದ್ಯ ಮುಗಿಯುತ್ತಿತ್ತು. ಆದರೆ ಆಕ್ರಮಣದ ಉಸ್ತುವಾರಿಯಲ್ಲಿದ್ದ ಬಾಬ್ ಗಿಬ್ಸನ್ ಚೆಂಡನ್ನು ಲ್ಯಾರಿ ಜೋಂಕಾ ಎಂಬಾತನ ಕೈಗೆ ಕೊಟ್ಟು ಓಡಿಸುವ ವ್ಯೂಹವನ್ನು ಕಳುಹಿಸಿದನು. ಆಟಗಾರರು ಇದನ್ನು ಆಕ್ಷೇಪಿಸಿ, ಸುಮ್ಮನೆ ನೆಲಕ್ಕೆ ಒರಗುವಂತೆ ಪಿಸಾರ್ಸಿಕನನ್ನು ಒತ್ತಾಯಿಸಿದರು. ಆತನಿಗೆ ಧೈರ್ಯವಾಗಲಿಲ್ಲ, ಮೇಲಿನಿಂದ ಬಂದ ವ್ಯೂಹವನ್ನು ಬದಲಿಸಿದುದಕ್ಕಾಗಿ ಆತನು ಸ್ವಲ್ಪ ಹಿಂದೆಯೇ ಛೀಮಾರಿಗೆ ಗುರಿಯಾಗಿದ್ದನು. ಚೆಂಡು ಕೈಯಿಂದ ಕೈಗೆ ಹೋಗುವಾಗ ಜಾರಿ ಜೋಂಕಾನ ಸೊಂಟಕ್ಕೆ ತಗುಲಿ ನೆಲಕ್ಕೆ ಬಿದ್ದಿತು. ಫಿಲಡೆಲ್ಫಿಯಾದ ಹರ್ಮ್ ಎಡ್ವರ್ಡ್ಸ್ ಪುಟಿದ ಚೆಂಡನ್ನು ಹಿಡಿದು ೨೬ ಗಜ ಓಡಿ ಗೋಲ್ ರೇಖೆಯನ್ನು ದಾಟಿದನು. ಪಂದ್ಯ ೧೯–೧೭ರಿಂದ ಕೈಬಿಟ್ಟಿತು.

ನಿರ್ವಹಣೆಯ ದೃಷ್ಟಿಯಿಂದ ಮಾತ್ರ ನೋಡಿದರೆ ತಪ್ಪು ಪಿಸಾರ್ಸಿಕನದು. ಚೆಂಡನ್ನು ಕೈಯಿಂದ ಕೈಗೆ ಕೊಡುವುದು ಈ ಆಟದ ಅಕ್ಷರಾಭ್ಯಾಸ. ಆದರೆ ಮರುದಿನ ಕೆಲಸವನ್ನು ಕಳೆದುಕೊಂಡವನು ಗಿಬ್ಸನ್. ಋತುವಿನ ಕೊನೆಯಲ್ಲಿ ಮುಖ್ಯ ತರಬೇತುದಾರ ಜಾನ್ ಮೆಕ್‌ವೇಯ ಕರಾರನ್ನೂ ನವೀಕರಿಸಲಿಲ್ಲ. ಈ ಶಿಕ್ಷೆ ಕೇವಲ ಸಾರ್ವಜನಿಕ ಕೋಪದ ಫಲವೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಮನುಷ್ಯನ ಕೈ ಒಮ್ಮೊಮ್ಮೆ ಜಾರುತ್ತದೆ. ಅದು ಯಾವ ತರಬೇತಿಯಿಂದಲೂ ಪೂರ್ಣವಾಗಿ ತಪ್ಪುವಂತಹುದಲ್ಲ. ಆದ್ದರಿಂದ, ಕೈಜಾರಿದರೆ ಸರ್ವನಾಶವಾಗುವ ಕೆಲಸವನ್ನು ಅನಗತ್ಯವಾಗಿ ಹೇಳಿದವನು ಆ ಜಾರುವಿಕೆಗೂ ಉತ್ತರವಾದಿಯಾಗುತ್ತಾನೆ. ಅದಕ್ಕಿಂತಲೂ ಮುಖ್ಯವಾದ ಅಂಶ ಇನ್ನೊಂದು. ಅಂಗಣದಲ್ಲಿದ್ದವರು ಅಪಾಯವನ್ನು ಕಂಡಿದ್ದರು. ಕಂಡುದನ್ನು ಆಚರಿಸುವ ಅಧಿಕಾರ ಅವರಿಗಿರಲಿಲ್ಲ. ಅಧಿಕಾರವನ್ನು ಕಿತ್ತುಕೊಂಡಮೇಲೆ ಹೊಣೆಯನ್ನು ಅವರಲ್ಲಿಯೇ ಬಿಡುವುದು ನ್ಯಾಯವಾಗದು.

ಈ ಘಟನೆಯಿಂದ ಆಟವು ಪಾಠ ಕಲಿಯಿತು. ಗೆಲುವು ಖಚಿತವಾದಾಗ ಚೆಂಡನ್ನು ಹಿಡಿದು ಮಂಡಿಯೂರುವ, ಹಿಂದೆ ದೂರದಲ್ಲಿ ಒಬ್ಬನನ್ನು ಕಾವಲಿಗೆ ನಿಲ್ಲಿಸುವ ವ್ಯೂಹವು ಅಂದಿನಿಂದ ಎಲ್ಲ ತಂಡಗಳಲ್ಲಿಯೂ ರೂಢಿಗೆ ಬಂದಿತು. ತಪ್ಪನ್ನು ವ್ಯಕ್ತಿಯಲ್ಲಿ ಹುಡುಕದೆ ಏರ್ಪಾಡಿನಲ್ಲಿ ಹುಡುಕಿದುದರಿಂದ ದೊರೆತ ಪ್ರಯೋಜನವಿದು.

ಇನ್ನೊಂದು ಘಟನೆ ೨೦೧೫ರ ಫೆಬ್ರವರಿ ೧ರದು. ಲೀಗಿನ ಅಂತಿಮ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ತಂಡವು ಸಿಯಾಟಲ್ ತಂಡದ ಮೇಲೆ ೨೮–೨೪ರಿಂದ ಮುಂದಿತ್ತು. ಸಿಯಾಟಲ್ ಗೋಲ್ ರೇಖೆಗೆ ಒಂದೇ ಗಜದ ದೂರದಲ್ಲಿತ್ತು. ೨೬ ಸೆಕೆಂಡುಗಳು ಉಳಿದಿದ್ದುವು. ಮಾರ್ಷಾನ್ ಲಿಂಚ್ ಎಂಬ ಬಲಿಷ್ಠ ಓಟಗಾರನು ಕೈಯಳತೆಯಲ್ಲಿದ್ದನು. ಆದರೂ ಚೆಂಡನ್ನು ಎಸೆಯುವ ವ್ಯೂಹ ಬಂದಿತು. ರಸೆಲ್ ವಿಲ್ಸನ್ ಎಸೆದ ಚೆಂಡು ರಿಕಾರ್ಡೊ ಲಾಕೆಟನಿಗೆ ತಲಪುವ ಮೊದಲೇ ಮಾಲ್ಕಮ್ ಬಟ್ಲರ್ ಎಂಬ ಹೊಸ ಆಟಗಾರನು ನಡುವೆ ನುಗ್ಗಿ ಹಿಡಿದನು. ಪಂದ್ಯದ ಅನಂತರ ಮುಖ್ಯ ತರಬೇತುದಾರ ಪೀಟ್ ಕ್ಯಾರಲ್ ಹೊಣೆ ತನ್ನದೆಂದು ಹೇಳಿದನು. ಆಕ್ರಮಣದ ಉಸ್ತುವಾರಿಯ ಡ್ಯಾರೆಲ್ ಬೆವೆಲ್, ಲಾಕೆಟ್ ಚೆಂಡಿನ ಕಡೆಗೆ ಇನ್ನೂ ಬಲವಾಗಿ ನುಗ್ಗಬಹುದಿತ್ತೆಂಬ ಅರ್ಥದ ಮಾತನ್ನಾಡಿದನು. ಒಂದೇ ತಂಡದ ಇಬ್ಬರು ಶಿಕ್ಷಕರಲ್ಲಿ ಒಂದೇ ಸಂಜೆ ಎರಡು ಸಂಪ್ರದಾಯಗಳೂ ಮಾತನಾಡಿದುವು.

ಆದರೆ ಈ ಘಟನೆಯ ಹೆಚ್ಚು ಬೋಧಪ್ರದವಾದ ಮುಖ ಎದುರು ಪಕ್ಷದಲ್ಲಿದೆ. ನ್ಯೂ ಇಂಗ್ಲೆಂಡ್ ತಂಡವು ಆ ವಾರದ ಅಭ್ಯಾಸದಲ್ಲಿ ಸಿಯಾಟಲಿನ ಇದೇ ವ್ಯೂಹವನ್ನು ಅನುಕರಿಸಿ ಆಡಿಸಿತ್ತು. ಅಂದು ಬಟ್ಲರ್ ತಡವಾಗಿ ಸರಿದು ಸೋತಿದ್ದನು. ಬಿಲ್ ಬೆಲಿಚಿಕ್ ಎಂಬ ಮುಖ್ಯ ತರಬೇತುದಾರನು ಅದನ್ನು ಎತ್ತಿತೋರಿಸಿ ತಿದ್ದಿದ್ದನು. ಪಂದ್ಯದಲ್ಲಿ ಅದೇ ವಿನ್ಯಾಸ ಕಣ್ಣಿಗೆ ಬಿದ್ದಾಗ ಆತನು ತಡಮಾಡಲಿಲ್ಲ. ಆ ಹಿಡಿತ ಬಟ್ಲರನ ಸಾಹಸವೆಂಬುದು ನಿಜ. ಅಭ್ಯಾಸದಲ್ಲಿ ತಪ್ಪಲು ಅವಕಾಶ ದೊರೆತು, ಆ ತಪ್ಪು ತಿದ್ದಲ್ಪಟ್ಟಿತ್ತೆಂಬುದೂ ಅಷ್ಟೇ ನಿಜ. ಗೆದ್ದಾಗ ತರಬೇತಿಗೆ ಸಲ್ಲುವ ಕೀರ್ತಿಯನ್ನು ನಾವು ಒಪ್ಪಿಕೊಳ್ಳುವುದಾದರೆ, ಸೋತಾಗ ತರಬೇತಿಗೆ ಸಲ್ಲುವ ಅಪಕೀರ್ತಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಈ ತರ್ಕವನ್ನು ಅರ್ಧಕ್ಕೆ ನಿಲ್ಲಿಸುವವರನ್ನು ಕುರಿತೇ ನಮ್ಮ ಹಿರಿಯರು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ನುಡಿದಿರಬೇಕು.

೬

ಹೊಣೆಯನ್ನು ತರಬೇತುದಾರನ ಮೇಲಿಟ್ಟರೆ ಒಂದು ಅಪಾಯವೂ ಉಂಟೆಂಬುದನ್ನು ಮರೆಯಬಾರದು. ಉತ್ತರವಾದಿಯಾದವನು ಉತ್ತಮ ನಿರ್ವಹಣೆಯನ್ನು ಬಲಾತ್ಕಾರದಿಂದ ಹೊರಡಿಸಲು ಯತ್ನಿಸಬಹುದು. ೧೯೫೪ರ ಸೆಪ್ಟೆಂಬರಿನಲ್ಲಿ ಪಾಲ್ ಬ್ರಯಂಟ್ ಎಂಬಾತನು ಟೆಕ್ಸಾಸಿನ ಕೃಷಿ ಮತ್ತು ಯಂತ್ರಶಾಸ್ತ್ರ ಕಾಲೇಜಿನ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಿನಲ್ಲಿ, ಅಭ್ಯಾಸದ ನಡುವೆ ನೀರನ್ನೂ ಕೊಡದೆ ಸುಮಾರು ಹತ್ತು ದಿನ ದುಡಿಸಿದನು. ಬಹುಮಂದಿ ಬಿಟ್ಟು ಓಡಿದರು. ಒಬ್ಬನು ಬಿಸಿಲಿನ ಹೊಡೆತದಿಂದ ಸಾಯುವ ಸ್ಥಿತಿಗೆ ಬಂದನು. ಈ ಶಿಬಿರವು ಅನಂತರ ಶೌರ್ಯದ ಐತಿಹ್ಯವಾಗಿ ಬೆಳೆಯಿತು. ೧೯೫೬ರಲ್ಲಿ ಆ ತಂಡವು ಒಂದು ಪಂದ್ಯವನ್ನೂ ಸೋಲದೆ ತನ್ನ ಪ್ರಾಂತದ ಪ್ರಶಸ್ತಿಯನ್ನು ಗೆದ್ದುದನ್ನು ಅದರ ಸಮರ್ಥನೆಗೆ ಹೇಳುತ್ತಾರೆ. ಆದರೆ ಶಿಬಿರ ಮುಗಿದ ಬೆನ್ನಿಗೇ ನಡೆದ ೧೯೫೪ರ ಋತುವಿನಲ್ಲಿ ತಂಡವು ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಸೋತಿತೆಂಬುದನ್ನು ಐತಿಹ್ಯವು ಮೆಲ್ಲನೆ ದಾಟಿಬಿಡುತ್ತದೆ.

ಇದು ಮುಗಿದುಹೋದ ಕಾಲದ ಮಾತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ೨೦೧೮ರ ಮೇ ತಿಂಗಳ ಕೊನೆಯಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದ ತಂಡದ ೧೯ ವರ್ಷದ ವಿದ್ಯಾರ್ಥಿಯೊಬ್ಬನು ಓಟದ ಅಭ್ಯಾಸದಲ್ಲಿ ಬಿಸಿಲಿನ ಹೊಡೆತಕ್ಕೆ ತುತ್ತಾಗಿ, ತಕ್ಕ ಚಿಕಿತ್ಸೆ ಸಕಾಲದಲ್ಲಿ ದೊರೆಯದೆ ಜೂನ್ ೧೩ರಂದು ಮೃತನಾದನು. ಆಗಸ್ಟಿನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷನು ಸಂಸ್ಥೆಯು ಕಾನೂನಿನ ಮತ್ತು ನೀತಿಯ ಹೊಣೆಯನ್ನು ಹೊರುತ್ತದೆಂದು ಸಾರ್ವಜನಿಕವಾಗಿ ಒಪ್ಪಿಕೊಂಡನು. ಅಕ್ಟೋಬರ್ ೩೧ರಂದು ಮುಖ್ಯ ತರಬೇತುದಾರನನ್ನು ತೆಗೆದುಹಾಕಲಾಯಿತು. ಪಂದ್ಯದ ಸೋಲಿಗೆ ಯಾರು ಹೊಣೆ ಎಂಬ ಚರ್ಚೆಯ ಅಡಿಯಲ್ಲಿ ಇನ್ನೂ ಹಿರಿದಾದ ಹೊಣೆಯೊಂದು ಇದೆಯೆಂಬುದನ್ನು ಈ ದುರಂತವು ನೆನಪಿಗೆ ತಂದಿತು. ಆಜ್ಞೆಗೆ ಮಣಿಯುವುದನ್ನು ಕಲಿತ ತರುಣನು, ತನ್ನಿಂದಾಗದು ಎಂದು ಹೇಳಲು ಹಿಂಜರಿಯುತ್ತಾನೆ. ಅವನ ಪರವಾಗಿ ಅದನ್ನು ಕಂಡುಕೊಳ್ಳುವುದೂ ಆಜ್ಞಾಪಿಸುವವನ ಕೆಲಸವೇ.

ಈ ಕಾರಣದಿಂದಲೇ ಅಧಿಕಾರಕ್ಕೆ ಮಿತಿಗಳನ್ನು ಹಾಕುವ ಯತ್ನವೂ ನಡೆದಿದೆ. ೧೯೯೧ರಿಂದ ಕಾಲೇಜು ಆಟಗಾರರ ಅಭ್ಯಾಸವು, ಋತು ನಡೆಯುತ್ತಿರುವಾಗ, ವಾರಕ್ಕೆ ೨೦ ಗಂಟೆಗಳನ್ನು ಮೀರಬಾರದೆಂದು ನಿಯಮವಾಯಿತು. ವೃತ್ತಿನಿರತ ಲೀಗಿನಲ್ಲಿ ೨೦೧೧ರ ಒಪ್ಪಂದವು ಪೂರ್ಣ ಕವಚ ಧರಿಸಿ ನಡೆಸುವ ಅಭ್ಯಾಸವನ್ನು ಋತುವಿಗೆ ೧೪ಕ್ಕೆ ಇಳಿಸಿತು. ಅಭ್ಯಾಸದ ಕಾಲ ಕಡಿಮೆಯಾದುದರಿಂದ ನಿರ್ವಹಣೆ ಕೆಡುತ್ತಿದೆಯೆಂದು ಕೆಲವು ತರಬೇತುದಾರರು ದೂರ್ವರು. ಈ ದೂರಿನಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಕಾಲಾವಕಾಶ ಎಲ್ಲ ತಂಡಗಳಿಗೂ ಸಮಾನ. ಆ ಕಾಲದಲ್ಲಿ ಕಲಿಯಬಹುದಾದಷ್ಟನ್ನೇ ಕಲಿಸುವುದು, ಕಲಿಯದುದನ್ನು ಪಂದ್ಯದಲ್ಲಿ ಕೇಳದಿರುವುದು ಶಿಕ್ಷಕನ ವಿವೇಕಕ್ಕೆ ಸೇರಿದ ವಿಷಯ.

೭

ಇದುವರೆಗಿನ ವಿವೇಚನೆಯಿಂದ ನಾವು ತಲಪುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ನಿರ್ವಹಣೆಯ ದೋಷವೆಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ವಾಸ್ತವವಾಗಿ ನಾಲ್ಕು ಬಗೆಗಳಿವೆ. ಆಟಗಾರನಿಗೆ ಸಾಮರ್ಥ್ಯವಿಲ್ಲದೆ ಆದ ದೋಷವು ಅವನನ್ನು ಆರಿಸಿದವರದು. ಕಲಿಯದೆ ಆದ ದೋಷವು ಕಲಿಸಬೇಕಾದವನದು. ಕೈಮೀರಿದ ಕೆಲಸವನ್ನೋ ಅನಗತ್ಯವಾದ ಕೆಲಸವನ್ನೋ ಹೇಳಿದುದರಿಂದ ಆದ ದೋಷವು ಹೇಳಿದವನದು. ಬಲ್ಲವನು, ಬಲ್ಲ ಕೆಲಸದಲ್ಲಿ, ಎಚ್ಚರದಪ್ಪಿ ಮಾಡಿದ ದೋಷವು ಮಾತ್ರ ಆಟಗಾರನದು. ರೀಗಲ್ಸನ ಓಟ ಈ ಕೊನೆಯ ವರ್ಗಕ್ಕೆ ಸೇರಿದುದು. ಪಿಸಾರ್ಸಿಕನ ಕೈಜಾರುವಿಕೆ ಮೂರನೆಯದಕ್ಕೆ. ಟ್ಯಾಂಪಾ ಬೇ ತಂಡದ ಸೋಲುಗಳು ಬಹುಮಟ್ಟಿಗೆ ಮೊದಲನೆಯದಕ್ಕೆ.

ಈ ವರ್ಗಗಳ ಪ್ರಮಾಣವು ಕಾಲದಿಂದ ಕಾಲಕ್ಕೆ ಬದಲಾಗಿದೆಯೆಂಬುದು ಇತಿಹಾಸದಿಂದ ತಿಳಿಯುವ ವಿಶೇಷ ಸಂಗತಿ. ಆಟಗಾರನೇ ಆಲೋಚಿಸಿ ಆಡುತ್ತಿದ್ದ ಕಾಲದಲ್ಲಿ ಕೊನೆಯ ವರ್ಗವೇ ಹಿರಿದಾಗಿತ್ತು. ಆಯ್ಕೆ, ಶಿಕ್ಷಣ, ಆಜ್ಞೆ ಮೂರೂ ಒಂದೆಡೆ ಕೂಡಿದ ಇಂದಿನ ಕಾಲದಲ್ಲಿ ಅದು ಕಿರಿದಾಗಿದೆ. ಹೀಗಿದ್ದರೂ ತರಬೇತುದಾರನು ಹಳೆಯ ಕಾಲದ ಭಾಷೆಯಲ್ಲಿಯೇ ಆಟಗಾರನನ್ನು ದೂರಿದರೆ, ಆತನು ಹೊಸ ಕಾಲದ ಅಧಿಕಾರವನ್ನೂ ಹಳೆಯ ಕಾಲದ ನಿರ್ಬಾಧ್ಯತೆಯನ್ನೂ ಏಕಕಾಲದಲ್ಲಿ ಬಯಸುತ್ತಿದ್ದಾನೆಂದೇ ಹೇಳಬೇಕು.

ಪಾಠ ಹೇಳುವವರಿಗೂ ಕೇಳುವವರಿಗೂ ಈ ವಿಷಯ ದೂರದ್ದೆಂದು ತೋರಲಾರದು. ಪರೀಕ್ಷೆಯ ಫಲಿತಾಂಶ ಕೆಟ್ಟಾಗ ವಿದ್ಯಾರ್ಥಿಗಳು ಓದಲಿಲ್ಲವೆಂಬ ಮಾತು ಅಧ್ಯಾಪಕರ ಕೊಠಡಿಗಳಲ್ಲಿ ಅಪರೂಪವಲ್ಲ. ಅದು ಎಷ್ಟೋ ಸಲ ನಿಜವೂ ಹೌದು. ಆದರೆ ಪಠ್ಯವನ್ನು ಗೊತ್ತುಮಾಡಿದವರು, ಬೋಧಿಸಿದವರು, ಪ್ರಶ್ನೆ ಕೇಳಿದವರು ಯಾರೆಂಬುದನ್ನು ಮೊದಲು ವಿಚಾರಿಸಿ, ಅನಂತರ ಆ ಮಾತನ್ನು ಆಡುವುದು ಯುಕ್ತ.